ಕಾಶಿಯ ವಿಮಾನಕ್ಕೆ ನಮ್ಮೂರ ಒಲೆ

ಇನ್ನೊಬ್ಬರ ಅಡುಗೆಮನೆಗೆ ಹೋಗಿ ಅವರ ಕಟ್ಟಿಗೆ ತೂಗುವುದು ಸಣ್ಣ ಧೈರ್ಯದ ಕೆಲಸವಲ್ಲ. ತಂಬೂರು ಎಂಬ ಈ ಹಳ್ಳಿಗೆ ಸೊಸೆಯಾಗಿ ಬಂದು ನಾನೇ ಸೊಸೆ ತರುವ ವಯಸ್ಸಾಗಿದೆ. ಆದರೂ ಮೊದಲನೆಯ ದಿನ ಕೊಕ್ಕೆಯ ತಕ್ಕಡಿ ಹಿಡಿದು ಓಣಿಗೆ ಇಳಿದಾಗ ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಂಡೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, "ಏನ್ರಿ ಅಕ್ಕಾರ, ಹತ್ತಿ ವ್ಯಾಪಾರ ಸುರು ಮಾಡೀರೇನು?" ಎಂದು ಕೇಳಿದರು. "ಇಲ್ರಿ ಕಾಕಾ, ಹೊಗಿ ವ್ಯಾಪಾರ" ಅಂದೆ. ಅವರು ನಕ್ಕರು, ನಾನೂ ನಕ್ಕೆ. ಮೊದಲ ಹೆಜ್ಜೆಗೇ ಶಿವ ಒಂದು ನಗು ಕೊಟ್ಟನಲ್ಲ, ಸಾಕು ಅಂದುಕೊಂಡು ಮುಂದೆ ನಡೆದೆ.

ಹೊಗೆ ವ್ಯಾಪಾರ ಅಂದದ್ದು ಪೂರಾ ಚೇಷ್ಟೆಯಲ್ಲ. ಹುಬ್ಬಳ್ಳಿಯ ಒಂದು ಪ್ರವಾಸ ಕಂಪನಿ ಜನರನ್ನು ವಿಮಾನದಲ್ಲಿ ಕಾಶಿಯಾತ್ರೆಗೆ ಕರೆದುಕೊಂಡು ಹೋಗುತ್ತದೆ. ವಿಮಾನ ಸುಡುವ ಎಣ್ಣೆಯ ಹೊಗೆ ಆಕಾಶ ಸೇರುತ್ತದೆ, ಅದರಿಂದ ಭೂಮಿ ಕಾಯುತ್ತದೆ, ಮಳೆ ಹೊತ್ತು ತಪ್ಪುತ್ತದೆ. ಹೋದ ಹೊಗೆಯನ್ನು ವಾಪಸು ತರಲು ಯಾರಿಂದಲೂ ಆಗದು. ಆದರೆ ಇನ್ನೊಂದು ಕಡೆ ಏಳಬೇಕಾಗಿದ್ದ ಅಷ್ಟೇ ಹೊಗೆಯನ್ನು ಏಳದಂತೆ ತಡೆದರೆ ಒಂದಕ್ಕೊಂದು ಸರಿದೂಗುತ್ತದೆ ಎಂಬುದು ಈ ಯೋಜನೆ. ಯಾತ್ರಿಗಳು ಟಿಕೆಟ್ಟಿನ ಜೊತೆಗೆ ಒಂದಿಷ್ಟು ಕೊಡುತ್ತಾರೆ, ಅದರಿಂದ ನಮ್ಮಂಥ ಊರಲ್ಲಿ ಕಡಿಮೆ ಕಟ್ಟಿಗೆ ತಿನ್ನುವ ಒಲೆ ಕಟ್ಟಿಸುತ್ತಾರೆ, ಸುಡದೆ ಉಳಿದ ಕಟ್ಟಿಗೆ ಕಾಡಿನಲ್ಲೇ ಉಳಿಯುತ್ತದೆ.

ಇದನ್ನೆಲ್ಲ ನಮ್ಮ ಹೆಣ್ಣುಮಕ್ಕಳ ಸಂಘಕ್ಕೆ ಬಿಡಿಸಿ ಹೇಳಿದವರು ಮೈಸೂರು ಕಡೆಯಿಂದ ಬಂದ ಇಂಜಿನಿಯರ್ ಮೇಡಂ. ಅವರು ಹೇಳುತ್ತಿದ್ದಂತೆ ನನಗೆ ಮೈ ಜುಮ್ಮೆಂದಿತು. ನಾನು ದಿನಾ ಊದುವ ಒಲೆಗೂ ಆಕಾಶದಲ್ಲಿ ಹಾರುವ ವಿಮಾನಕ್ಕೂ ಒಂದು ನಂಟು ಇದೆ ಅಂದರೆ ಯಾರಿಗೆ ಖುಷಿಯಾಗುವುದಿಲ್ಲ? ಓಡಿಬಂದು ಅತ್ತೆಗೆ ಹೇಳಿದೆ. ಅತ್ತೆ ಕವಳಿ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡರು.

"ಅಂದ್ರ ಹೋಳಿಗಿ ಉಣ್ಣಾವ್ರು ಅವರು, ಉಪಾಸ ಮಾಡಾಕಿ ನೀನು. ಅವರ ಹೊಟ್ಟಿ ಹಗರ ಆಗ್ತೈತೇನ ಬೇ ಅದರಿಂದ?"

ಮರುದಿನ ಅದೇ ಮಾತನ್ನು ಮೇಡಂ ಮುಂದೆ ಇಟ್ಟೆ. ಅವರು ನಗಲಿಲ್ಲ. ಅತ್ತೆ ಕೇಳಿದ್ದು ಸರಿಯಾಗಿಯೇ ಇದೆ ಎಂದರು. ಮೊದಲು ಹಾರುವುದನ್ನು ಕಡಿಮೆ ಮಾಡಬೇಕು, ಕಡಿಮೆ ಮಾಡಲಾಗದೆ ಉಳಿದದ್ದಕ್ಕೆ ಮಾತ್ರ ಈ ದಾರಿ ಹಿಡಿಯಬೇಕು. ಎಷ್ಟೋ ಕಂಪನಿಗಳು ಮೊದಲನೆಯದನ್ನು ಮರೆತು ಎರಡನೆಯದನ್ನೇ ಹಿಡಿದುಕೊಳ್ಳುತ್ತವೆ ಎಂದೂ ಹೇಳಿದರು. ಆಮೇಲೆ, "ಆದರೆ ಅಮ್ಮ, ಇಲ್ಲಿ ಉಪವಾಸ ಯಾರದ್ದೂ ಇಲ್ಲ. ನಿಮ್ಮ ಕಣ್ಣಿನ ಹೊಗೆ ಹೋಗುತ್ತೆ. ಅದಂತೂ ನಿಮ್ಮದೇ" ಎಂದರು. ಆ ಮಾತಿಗೆ ನಾನು ಕೆಲಸಕ್ಕೆ ಒಪ್ಪಿಕೊಂಡೆ.

ಮೇಡಂಗೆ ಎಲ್ಲರ ಅಡುಗೆಮನೆಯೊಳಗೂ ಕಾಲಿಡಬಲ್ಲ ಒಬ್ಬಳು ಬೇಕಾಗಿದ್ದಳು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯುವವಳಲ್ಲ ಎಂದು ಸಂಘದವರು ನನ್ನನ್ನು ಮುಂದೆ ಮಾಡಿದರು. ಕೆಲಸ ಹೀಗೆ: ಮೇಲಿನ ಓಣಿಯ ಮನೆಗಳಿಗೆ, ಅಂದರೆ ನಮ್ಮ ಓಣಿಗೆ, ಮೊದಲು ಹೊಸ ಒಲೆ. ಕೆಳಗಿನ ಓಣಿಯವರು ಸದ್ಯಕ್ಕೆ ಹಳೆಯ ಒಲೆಯಲ್ಲೇ ಅಡುಗೆ ಮಾಡಬೇಕು. ಎರಡೂ ಕಡೆ ಎಷ್ಟು ಕಟ್ಟಿಗೆ ಸುಡುತ್ತದೆಂದು ತೂಗಿ ನೋಡುವುದು. ಹೊಸ ಒಲೆಯಲ್ಲಿ ಉಳಿತಾಯ ಕಂಡರೆ ಕೆಳಗಿನ ಓಣಿಗೂ ಒಲೆ ಬರುತ್ತದೆ. ಕಾಣದಿದ್ದರೆ ಕಂಪನಿ ಬೇರೆ ಊರು ನೋಡಿಕೊಳ್ಳುತ್ತದೆ.

ಕೆಳಗಿನ ಓಣಿಯಲ್ಲಿ ನನ್ನ ಗೆಳತಿ ಇದ್ದಾಳೆ. ಊರೂರು ಬುಟ್ಟಿ ಹೊತ್ತು ಬಳೆ ಮಾರುವ ಮುಸ್ಲಿಂ ಹೆಣ್ಣುಮಗಳು. ನನಗಿಂತ ಹಿರಿಯಳಾದ್ದರಿಂದ ನಾನು ಆಪಾ ಅನ್ನುತ್ತೇನೆ, ಊರಿಗೆಲ್ಲ ಅಕ್ಕನಾದ ನನ್ನನ್ನು ಅವಳೂ ಅಕ್ಕಾರ ಅನ್ನುತ್ತಾಳೆ. ನನ್ನ ಮದುವೆಯ ಹಸಿರು ಬಳೆ ತೊಡಿಸಿದವಳು ಅವಳೇ. ಈಗ ಎರಡು ವರ್ಷದಿಂದ ಅವಳಿಗೆ ಉಸಿರಿನ ತೊಂದರೆ. ಅಡುಗೆಮನೆಗೆ ಕಿಟಕಿಯಿಲ್ಲ, ಹಂಚಿನ ಮಾಡು ಒಳಗಿನಿಂದ ಡಾಂಬರು ಬಳಿದಂತಿದೆ. ಹುಬ್ಬಳ್ಳಿಯ ಡಾಕ್ಟರು ಹೊಗೆಯಿಂದ ದೂರ ಇರು ಅಂದಿದ್ದಾರೆ. ಗ್ಯಾಸಿನ ಒಲೆ ನಮ್ಮೆಲ್ಲರ ಮನೆಯಲ್ಲೂ ಇದೆ, ಅವಳ ಮನೆಯಲ್ಲೂ ಇದೆ. ಆದರೆ ಅದು ಚಹಾಕ್ಕೆ, ಹಾಲಿಗೆ. ಸಿಲಿಂಡರನ್ನು ಮುಂದಿನದು ಬರುವ ತನಕ ಎಳೆದೆಳೆದು ನಡೆಸಬೇಕು. ಅನ್ನ, ಸಾರು, ರೊಟ್ಟಿ, ಮೀಯುವ ನೀರು ಎಲ್ಲ ಕಟ್ಟಿಗೆಯ ಮೇಲೆಯೇ. ಹೊಸ ಒಲೆಯ ಸುದ್ದಿ ಕೇಳಿದ ದಿನವೇ ಆಪಾ ಒಲೆ ಇಡುವ ಜಾಗ ಸಮ ಮಾಡಿ ಕಾಯುತ್ತಿದ್ದಳು. ನಿನ್ನ ಮನೆಗೂ ಬರುತ್ತದೆ ಎಂದು ನಾನು ಬಾಯಿ ತುಂಬ ಹೇಳಿದ್ದೆ.

ಒಲೆಯನ್ನು ಗೌಂಡಿ ಬಂದು ಮಣ್ಣಿನಲ್ಲೇ ಕಟ್ಟಿಕೊಟ್ಟ. ತಗಡಿನದು ಬೇಡ, ಮಡಿಗೆ ಬರುವುದಿಲ್ಲ ಎಂದು ನಾವೇ ಕೇಳಿಕೊಂಡಿದ್ದೆವು. ಒಳಗೆ ಕಬ್ಬಿಣದ ಜಾಲರಿ, ಅದರ ಮೇಲೆ ಕಟ್ಟಿಗೆ, ಬುಡದಲ್ಲಿ ನೆಲಕ್ಕೆ ಹತ್ತಿ ಮೂರು ಗಾಳಿಕಿಂಡಿ. ಗಾಳಿ ಕೆಳಗಿನಿಂದ ನುಗ್ಗಿ ಬೆಂಕಿಯನ್ನು ಮೇಲಕ್ಕೆ ಎತ್ತುತ್ತದೆ. ಊದುಗೊಳವೆ ಬೇಕಾಗುವುದಿಲ್ಲ ಎಂದು ಮೇಡಂ ಹೇಳಿದ್ದರು. ಮೊದಲ ದಿನ ನಮ್ಮ ಮನೆಯಲ್ಲಿ ಹೊತ್ತಿಸಿದಾಗ ಬೆಂಕಿ ದೀಪದ ಕುಡಿಯಂತೆ ನೆಟ್ಟಗೆ ಎದ್ದು ನಿಂತಿತು. ಅತ್ತೆ ಕೈ ಮುಗಿದರು. ನಾನು ಮಾಡಿನ ಕಡೆ ನೋಡಿದೆ, ಹೊಗೆಯ ಒಂದು ಎಳೆಯೂ ಇರಲಿಲ್ಲ.

ಹೊಲದ ಕೆಲಸದ ಗಡಿಬಿಡಿ ಮುಗಿದು ತೂಕ ಶುರುವಾದದ್ದು ಶ್ರಾವಣದಲ್ಲಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊರಡುತ್ತಿದ್ದೆ. ಪ್ರತಿ ಮನೆಯಲ್ಲೂ ಒಂದು ಮೂಲೆಗೆ ಸುಣ್ಣದಿಂದ ಗೆರೆ ಎಳೆದು, ಅದರೊಳಗೆ ತೂಗಿದ ಕಟ್ಟಿಗೆ ಇಡುವುದು. ಒಲೆಗೆ ಹಾಕುವ ಕಟ್ಟಿಗೆ ಆ ಗೆರೆಯೊಳಗಿನದೇ ಆಗಬೇಕು. ಮರುದಿನ ಅದೇ ಹೊತ್ತಿಗೆ ಹೋಗಿ ಉಳಿದದ್ದನ್ನು ತೂಗುವುದು. ಎರಡು ಸೂಜಿಯ ಸಣ್ಣ ಯಂತ್ರವೊಂದನ್ನು ಕಟ್ಟಿಗೆಗೆ ಚುಚ್ಚಿದರೆ ಒಳಗಿನ ಹಸಿ ಎಷ್ಟೆಂದು ತೋರಿಸುತ್ತಿತ್ತು. ಮಳೆಗಾಲದ ಕಟ್ಟಿಗೆ ನೀರಿನ ತೂಕ ಹೊತ್ತಿರುತ್ತದೆ, ಅದನ್ನು ಕಳೆಯಬೇಕು. ಗೋವಿನಜೋಳದ ಬೆಂಡು, ಕುಳ್ಳು ಸುಟ್ಟಿದ್ದರೆ ಅದನ್ನೂ ತೂಗಬೇಕು. ಎಷ್ಟು ಮಂದಿ ಉಂಡರೆಂದು ಕೇಳಬೇಕು.

ಕೇಳುವುದೇ ಕಷ್ಟ. ಉಂಡವರನ್ನು ಎಣಿಸಬಾರದು ಎಂದು ನಾವೆಲ್ಲ ಚಿಕ್ಕಂದಿನಿಂದ ಕಲಿತವರು. ಒಬ್ಬರ ಮನೆಗೆ ಜಂಗಮರು ಪ್ರಸಾದಕ್ಕೆ ಬಂದಿದ್ದರು, ಅವರನ್ನು ಲೆಕ್ಕಕ್ಕೆ ಹಿಡಿಯಲು ಆ ಮನೆಯಾಕೆ ಒಪ್ಪಲಿಲ್ಲ. "ಸ್ವಾಮಿಗಳು ಉಣ್ಣೂದಲ್ರಿ, ಪ್ರಸಾದ ಸ್ವೀಕಾರ ಮಾಡೂದು" ಎಂದಳು. ಅನ್ನ ಕುದಿಯಲು ಕಟ್ಟಿಗೆ ಎರಡಕ್ಕೂ ಒಂದೇ ಬೇಕಲ್ಲ ಎಂದು ನಾನು ವಾದಿಸಿದೆ. ಕಡೆಗೆ ಅವಳು ಬೆರಳು ಮಡಿಚಿ ತೋರಿಸಿದಳು, ಬಾಯಿಬಿಟ್ಟು ಹೇಳಲಿಲ್ಲ. ಇನ್ನೊಂದು ಮನೆಯಲ್ಲಿ ಗೆರೆಯೊಳಗಿನ ಕಟ್ಟಿಗೆಯನ್ನು ಪಕ್ಕದ ಮನೆಗೆ ಕಡ ಕೊಟ್ಟುಬಿಟ್ಟಿದ್ದರು. ಅಲ್ಲಿ ಮೊದಲಿನಿಂದ ಶುರು. ಆದರೂ ಬೇಸರವಾಗಲಿಲ್ಲ. ತಕ್ಕಡಿಯ ಮುಳ್ಳು ನಡುಗಿ ನಿಲ್ಲುವುದನ್ನು ನೋಡುವಾಗ, ಇಲ್ಲಿ ನಿಂತು ನಾನು ಆಕಾಶವನ್ನೇ ತೂಗುತ್ತಿದ್ದೇನೆ ಅನ್ನಿಸುತ್ತಿತ್ತು.

ಆ ಸಂತೋಷ ಮೊದಲ ಸುತ್ತು ಮುಗಿಯುವ ತನಕ ಮಾತ್ರ. ಮೇಡಂ ನಮ್ಮ ಪಡಸಾಲೆಯಲ್ಲಿ ಕೂತು ಕೂಡಿ ಕಳೆದು ನೋಡಿದರು. ಮತ್ತೊಮ್ಮೆ ನೋಡಿದರು. ಹೊಸ ಒಲೆಯ ಮನೆಗಳಲ್ಲಿ ಸುಟ್ಟ ಕಟ್ಟಿಗೆ ಹಳೆಯ ಒಲೆಯ ಮನೆಗಳಿಗಿಂತ ಹೆಚ್ಚುಕಡಿಮೆ ಅಷ್ಟೇ ಇತ್ತು. ಕೆಲವು ಮನೆಗಳಲ್ಲಿ ಒಂದು ತೂಕ ಹೆಚ್ಚೇ. ನಾನು ತಪ್ಪು ತೂಗಿದೆನೇನೋ ಎಂದು ತಕ್ಕಡಿಗೆ ಅಂಗಡಿಯ ಕಿಲೋ ಕಲ್ಲು ನೇತು ಹಾಕಿ ನೋಡಿದೆವು, ತಕ್ಕಡಿ ಸರಿಯಾಗಿತ್ತು. ಮೇಡಂ ಒಲೆಗಳನ್ನು ಬಾಗಿಲಲ್ಲಿ ನಿಂತೇ ನೋಡುತ್ತಿದ್ದರು, ಶ್ರಾವಣದ ಅಡುಗೆಮನೆಗೆ ಸ್ನಾನವಿಲ್ಲದೆ ಒಳಗೆ ಹೋಗಬಾರದೆಂದು ತಾವೇ ಹಿಂಜರಿಯುತ್ತಿದ್ದರು. ಇನ್ನು ನನ್ನ ಕಣ್ಣು ಕಟ್ಟಿಗೆಯ ಮೇಲೆಯೇ ಇರುತ್ತಿತ್ತು.

ಈ ಸುದ್ದಿ ಕೆಳಗಿನ ಓಣಿಗೆ ಹೇಗೆ ಮುಟ್ಟಿತೋ. ಆ ಸಂಜೆ ಆಪಾ ಬಂದಳು. ಬುಟ್ಟಿ ಇಳಿಸಿ, ಉಸಿರು ಸರಿಯಾಗುವ ತನಕ ಕಂಬಕ್ಕೆ ಒರಗಿ ನಿಂತಳು. ಆಮೇಲೆ ದನಿ ತಗ್ಗಿಸಿದಳು.

"ನಮ್ಮ ಓಣ್ಯಾಗ ಹೆಣ್ಮಕ್ಕಳು ಮಾತಾಡೇವಿ ಅಕ್ಕಾರ. ನಾಳಿಂದ ನಾವು ಒಲಿಗೆ ಎರಡೆರಡ ಕೊರಡ ಹೆಚ್ಚಿಗಿ ಹಾಕ್ತೇವಿ. ನಮ್ದು ಏರತೈತಿ, ನಿಮ್ದು ತಾನಾ ಇಳದಂಗ ಕಾಣ್ತೈತಿ. ಕಟಿಗಿ ನಮ್ದು, ಒಲಿ ನಮ್ದು. ಯಾರಿಗೇನ ಗೊತ್ತಾಗ್ತೈತಿ?"

ನಾನು ಸುಳ್ಳು ಹೇಳುವುದಿಲ್ಲ, ಆ ಮಾತು ನನಗೆ ಕಲ್ಲುಸಕ್ಕರೆಯ ಹಾಗೆ ಕಂಡಿತು. ನಾನು ಹೂಂ ಅಂದರೆ ಸಾಕು. ಅನ್ನಲೂ ಬೇಕಾಗಿರಲಿಲ್ಲ, ಸುಮ್ಮನಿದ್ದರೂ ಸಾಕಾಗಿತ್ತು. ದೀಪಾವಳಿಯೊಳಗೆ ಅವಳ ಅಡುಗೆಮನೆಗೆ ಒಲೆ ಬರುತ್ತಿತ್ತು. ನಾನು ದೇವರ ಮಾಡದ ಕಡೆ ನೋಡಿದೆ. ಅಲ್ಲಿಂದ ಯಾರೂ ನನಗೆ ಏನೂ ಹೇಳಲಿಲ್ಲ. ಬೆಳಿಗ್ಗೆ ನಾನೇ ಹಚ್ಚಿದ ವಿಭೂತಿ ಮಾತ್ರ ಕಂಡಿತು. ಸುಟ್ಟದ್ದು ಸುಟ್ಟಂತೆಯೇ ಇರುತ್ತದೆ, ಬೂದಿ ಸುಳ್ಳು ಹೇಳುವುದಿಲ್ಲ ಅನ್ನಿಸಿತು.

"ಕಾಶಿಗೆ ಹೋದವ್ರ ವಿಮಾನ ಸುಟ್ಟಿದ್ದು ಖರೇನ ಐತಿ ಆಪಾ" ಅಂದೆ. "ನಾವು ಉಳಿಸಿದ್ದು ಸುಳ್ಳಾದ್ರ ಆ ಹೊಗಿ ಎಲ್ಲಿ ಹೋಗಬೇಕು?"

ಅವಳು ನನ್ನ ಮುಖವನ್ನೇ ನೋಡಿದಳು. "ಹೊಗಿ ಎಲ್ಲಿ ಹೋಗ್ತೈತಿ ಅಂತ ನನಗ ಕೇಳ್ತೀರೇನ್ರಿ? ನನ್ನ ಎದಿಯೊಳಗ ಬಂದು ಕುಂತೈತಿ."

ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟಳು. ಚಹಾ ಕುಡಿಯಲಿಲ್ಲ. ಇಷ್ಟು ವರ್ಷದಲ್ಲಿ ಅವಳು ನಮ್ಮ ಮನೆಯಿಂದ ಚಹಾ ಕುಡಿಯದೆ ಹೋದದ್ದು ಅದೇ ಮೊದಲು.

ಮರುದಿನ ಸೋಮವಾರ. ಮನಸ್ಸು ಭಾರವಾಗಿತ್ತು. ಹೂ ಕೊಯ್ದುಕೊಂಡು ಒಳಗೆ ಬಂದರೆ ಅತ್ತೆ ಒಲೆಯ ಮುಂದೆ ಕೂತು ಕೆಮ್ಮಣ್ಣು, ಸಗಣಿ ಕಲಸಿ ಒಲೆ ಸಾರಿಸುತ್ತಿದ್ದರು. ನಮ್ಮಲ್ಲಿ ಸಾರಿಸದ ಒಲೆಗೆ ಬೆಂಕಿ ಹಾಕುವುದಿಲ್ಲ. ಅದರಲ್ಲೂ ಶ್ರಾವಣ ಬಂತೆಂದರೆ ಮನೆಯೆಲ್ಲ ದಪ್ಪಗೆ ಬಳಿದು ಹೊಸದು ಮಾಡುತ್ತಾರೆ. ಅತ್ತೆಯ ಕೈ ಎಂದರೆ ಊರಿಗೇ ಹೆಸರು. ಅಂಗೈ ಒಂದು ಸಲ ಸುತ್ತಿ ಬಂದರೆ ಒಂದು ಬಿರುಕೂ ಉಳಿಯುವುದಿಲ್ಲ. ಆ ಅಂಗೈ ಒಲೆಯ ಬುಡಕ್ಕೆ ಇಳಿಯಿತು. ಹೆಬ್ಬೆರಳು ಮೊದಲ ಕಿಂಡಿಗೆ ಮಣ್ಣು ಒತ್ತಿತು, ನಯ ಮಾಡಿತು. ಎರಡನೆಯ ಕಿಂಡಿಗೆ ಹೋಯಿತು.

"ಅತ್ತಿ, ಕೈ ಎತ್ರಿ" ಅಂದೆ.

"ಯಾಕ, ಹಾವು ಬಂತೇನು?"

ನಾನು ಮೊಣಕಾಲೂರಿ ಕೂತು ಬೆರಳಿನಿಂದ ಕೆರೆದೆ. ಹೊಸ ಮಣ್ಣಿನ ಕೆಳಗೆ ನಿನ್ನೆಯ ಮಣ್ಣು, ಅದರ ಕೆಳಗೆ ಮೊನ್ನೆಯದು. ಮೂರು ಕಿಂಡಿಯೂ ಶ್ರಾವಣ ಶುರುವಾದಾಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದವು. ಒಲೆಯ ಪಕ್ಕದಲ್ಲಿ ಊದುಗೊಳವೆ ಇತ್ತು. ದಿನಾ ನೋಡುತ್ತಿದ್ದೆ, ಊದುತ್ತಲೂ ಇದ್ದೆ. ಬೇಕಾಗಿಲ್ಲದ ಗೊಳವೆ ಮತ್ತೆ ಯಾಕೆ ಒಲೆಯ ಬಾಜು ಬಂತು ಎಂದು ಕೇಳಿಕೊಂಡಿರಲಿಲ್ಲ. ಸಾರಿಸಿದ ಒಲೆ ನನ್ನ ಕಣ್ಣಿಗೂ ಚೆಂದ ಕಂಡಿತ್ತು. ಇದ್ದಿಲ ಚೂರಿನಿಂದ ಕಿಂಡಿ ತೆರೆದು ಎರಡು ಕಡ್ಡಿ ಹಾಕಿ ಹೊತ್ತಿಸಿದೆ. ಬೆಂಕಿ ಹೂಂಕರಿಸಿ ಎದ್ದಿತು, ಮೊದಲ ದಿನದ ಹಾಗೆಯೇ.

ತಲೆ ಬಾಚಿಕೊಳ್ಳದೆ ಓಣಿಗೆ ಓಡಿದೆ. ಮೊದಲ ಮನೆ, ಮುಚ್ಚಿತ್ತು. ಎರಡನೆಯ ಮನೆ, ಮುಚ್ಚಿ ಮೇಲೆ ವಿಭೂತಿಯ ಗೆರೆ ಬೇರೆ. ಅದರಾಚೆಯ ಮನೆಯಲ್ಲಿ ಕಿಂಡಿ ಇದ್ದ ಜಾಗವೇ ಗೊತ್ತಾಗದಷ್ಟು ನಯ. ಪ್ರತಿ ಮನೆಯಲ್ಲೂ ನಾನು ನೆಲಕ್ಕೆ ಕೂತು ಕೆರೆಯುವುದು, ನಗುವುದು. ನನಗೆ ಹುಚ್ಚು ಹಿಡಿಯಿತೆಂದು ಮಕ್ಕಳು ಹಿಂದೆ ಬಂದವು. ಒಲೆಯಲ್ಲಿ ದೋಷವಿಲ್ಲ, ಲೆಕ್ಕದಲ್ಲಿ ದೋಷವಿಲ್ಲ, ತಕ್ಕಡಿಯಲ್ಲೂ ದೋಷವಿಲ್ಲ. ನಮ್ಮ ಭಕ್ತಿಯ ಕೈ ಒಲೆಯ ಮೂಗು ಮುಚ್ಚಿತ್ತು, ಅಷ್ಟೇ. ಸುಳ್ಳು ತೂಗದೆಯೇ ಆಪಾಳ ಮನೆಗೆ ಒಲೆ ತರುವ ದಾರಿ ತೆರೆದಿತ್ತು; ಅದು ಎಂಥ ದಯೆ ಎಂದು ನನಗೆ ಮಾತ್ರ ಗೊತ್ತಿತ್ತು.

ಮಧ್ಯಾಹ್ನ ಮೇಡಂ ಬಂದರು. ಈ ಸಲ ಅತ್ತೆಯೇ ಕೈಕಾಲು ತೊಳೆಸಿ ಒಳಗೆ ಕರೆದರು. ಮೇಡಂ ಒಲೆಯ ಮುಂದೆ ನೆಲಕ್ಕೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಜಾಲರಿಗೆ ಅಷ್ಟು ಗಾಳಿ ಯಾಕೆ ಬೇಕು, ಗಾಳಿ ಸಿಗದ ಕಟ್ಟಿಗೆ ಹೇಗೆ ಹೊಗೆಯಾಗಿ ವ್ಯರ್ಥ ಹೋಗುತ್ತದೆ ಎಂದು ಅತ್ತೆಗೆ ಬೂದಿಯ ಮೇಲೆ ಗೆರೆ ಎಳೆದು ತೋರಿಸಿದರು. ಅತ್ತೆ ಸೋಲಲಿಲ್ಲ. "ತೂತ ಬಿದ್ದ ಒಲಿ ಇಟ್ಕೊಂಡು ಶ್ರಾವಣದಾಗ ನೈವೇದ್ಯ ಮಾಡಂತೀರೇನು? ಹೇಳಬೇಕಾಗಿತ್ತು ಮೊದಲ. ನಾನೇನ ಕಂಡೆ, ಅದು ಗೌಂಡಿ ಬಿಟ್ಟ ತೂತಂತ ತಿಳಕೊಂಡೆ" ಎಂದರು.

ಇನ್ನು ಮುಂದೆ ಕಿಂಡಿ ಮುಚ್ಚಬೇಡಿ ಎಂದು ಓಣಿಗೆಲ್ಲ ಹೇಳಿಬಂದೆವು. ಎಲ್ಲರೂ ಹೌದ್ರಿ ಹೌದ್ರಿ ಅಂದರು. ಮರುದಿನ ನೋಡಿದರೆ ಅರ್ಧ ಮನೆಗಳಲ್ಲಿ ಮತ್ತೆ ಮುಚ್ಚಿತ್ತು. ಬೇಕೆಂದು ಮಾಡಿದ್ದಲ್ಲ. ಹುಟ್ಟಿದಾಗಿನಿಂದ ಸಾರಿಸಿದ ಕೈ. ಮನಸ್ಸು ಹಾಡಿನ ಕಡೆ ಇದ್ದರೆ ಹೆಬ್ಬೆರಳು ತನ್ನ ಕೆಲಸ ತಾನು ಮಾಡಿ ಮುಗಿಸುತ್ತದೆ. ಸಾರಿಸುವಾಗ ಕಿಂಡಿಗೆ ಅರಿವೆ ತುರುಕಿ, ಆಮೇಲೆ ತೆಗೆಯಿರಿ ಎಂದು ನೋಡಿದೆವು. ಒಂದು ಮನೆಯಲ್ಲಿ ತೆಗೆಯಲು ಮರೆತು, ಅರಿವೆಗೆ ಕಿಡಿ ಹತ್ತಿ, ಅಡುಗೆಮನೆಯೆಲ್ಲ ಹಳೆಯ ಹೊಗೆಗಿಂತ ಕೆಟ್ಟ ಹೊಗೆ. ಆ ಮನೆಯಾಕೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಬೈದು ಕಳಿಸಿದಳು.

ದಾರಿ ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲೇ. ಒಂದು ಬೆಳಿಗ್ಗೆ ನಾನೇ ಮಣ್ಣು ಕಲಸಿ ಕೊಡುತ್ತಿದ್ದೆ. ಕಲಸುವ ಮುಂಚೆ ಒಂದೆರಡು ಬಳೆ ತೆಗೆದು ನೆಲದ ಮೇಲಿಟ್ಟಿದ್ದೆ. ಅತ್ತೆಯ ಕೈ ನೆಲ ಬಳಿಯುತ್ತಾ ಬಂತು, ಬಳೆಯ ಹತ್ತಿರ ತಾನಾಗಿ ನಿಂತಿತು. ಅವರು ಮಾತಾಡುತ್ತಲೇ ಇದ್ದರು, ಕಣ್ಣು ಬೇರೆ ಕಡೆ ಇತ್ತು. ಆದರೂ ಮಣ್ಣಿನ ಕೈ ಬಳೆಯನ್ನು ಮುಟ್ಟದೆ, ಅದರ ಸುತ್ತ ಒಂದು ಗುಂಡನೆಯ ಜಾಗ ಬಿಟ್ಟು ಮುಂದೆ ಹೋಯಿತು. ಮುತ್ತೈದೆಯ ಬಳೆಗೆ ಯಾರ ಕೈಯೂ ಮಣ್ಣು ಬಳಿಯುವುದಿಲ್ಲ, ನಿದ್ದೆಯಲ್ಲೂ ಬಳಿಯುವುದಿಲ್ಲ.

ನಾನು ಆ ಬಳೆಯನ್ನು ಎತ್ತಿ ಒಲೆಯ ಕಿಂಡಿಯ ಬಾಯಿಗೆ ಒತ್ತಿದೆ. ಅಳತೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಅತ್ತೆ ಹೌಹಾರಿದರು. "ಗಾಜಿನ ಬಳಿ ಒಲಿ ಬುಡಕ ಇಡ್ತಿಯೇನ ಬೇ? ಶಾಖಕ್ಕ ಟಪ್ಪಂತ ಒಡದ್ರ ಏನ ಗತಿ? ಮನ್ಯಾಗ ಗಂಡ, ಮಗ ಅದಾರು."

ಅವರು ಹೇಳಿದ್ದು ನಿಜ. ಒಲೆಯ ಮುಂದೆ ಬಳೆ ಒಡೆದ ಮನೆಯಲ್ಲಿ ಯಾರೂ ಆ ದಿನ ಊಟ ಮಾಡುವುದಿಲ್ಲ. ಒಡೆಯದ ಬಳೆ ಬೇಕಾಗಿತ್ತು. ಒಡೆಯದ ಬಳೆ ಯಾರ ಹತ್ತಿರ ಇರುತ್ತದೆಂದು ನನಗೆ ಗೊತ್ತಿತ್ತು. ಅವಳ ಮನೆಗೆ ಹೋಗುವುದೇ ಕಷ್ಟವಾಗಿತ್ತು.

ಆಪಾ ಹೊರಗೆ ಹಗ್ಗದ ಮಂಚದ ಮೇಲೆ ಕೂತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಕಿಂಡಿ, ಹೆಬ್ಬೆರಳು, ಅರಿವೆ, ಬಳೆ, ಅತ್ತೆಯ ಹೆದರಿಕೆ. ಅರಿವೆಗೆ ಬೆಂಕಿ ಬಿದ್ದ ಕಥೆಗೆ ಅವಳ ತುಟಿ ಅಲುಗಿತು. ಎದ್ದು ಒಳಗೆ ಹೋಗಿ ಹಳೆಯ ಡಬ್ಬಿಯೊಂದನ್ನು ತಂದಳು. ಮೊದಲೆಲ್ಲ ಹೆಣ್ಣುಮಕ್ಕಳು ತೊಡುತ್ತಿದ್ದ ಹಿತ್ತಾಳೆಯ ಬಳೆಗಳು, ದಾರಕ್ಕೆ ಪೋಣಿಸಿದ್ದವು. ಈಗ ಯಾರೂ ಕೊಳ್ಳುವುದಿಲ್ಲವಂತೆ, ಎಲ್ಲರಿಗೂ ಪ್ಲಾಸ್ಟಿಕ್ಕಿನವೇ ಬೇಕಂತೆ.

"ಎಲ್ಲಾ ತಗೊಂಡ ಹೋಗ್ರಿ" ಎಂದಳು. "ಮೂರ ಮಾತ್ರ ತಗದಿಟ್ಟೀನಿ. ನನ್ನ ಒಲಿಗೂ ಬೇಕಾಗ್ತಾವಲ್ಲ."

ಹೆಚ್ಚಿಗೆ ಕೊರಡಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಸಲ ಚಹಾ ಅವಳ ಮನೆಯಲ್ಲಿ ಆಯಿತು.

ಎರಡು ದಿನದಲ್ಲಿ ಮೇಲಿನ ಓಣಿಯ ಎಲ್ಲ ಒಲೆಗಳಿಗೂ ಬಳೆ ತೊಡಿಸಿದೆವು. ಹಸಿ ಮಣ್ಣಿಗೆ ಬಳೆ ಒತ್ತಿ, ಸುತ್ತ ನಯ ಮಾಡಿ, ಅರಿಷಿಣ ಕುಂಕುಮ ಇಟ್ಟೆವು. ಹೆಣ್ಣುಮಕ್ಕಳು ಒಲೆಗೆ ಸೀಮಂತ ಮಾಡುತ್ತೇವೆಂದು ಸೋಬಾನೆ ಹೇಳಿದರು. ಮರುದಿನ ಒಂದೊಂದೇ ಮನೆಗೆ ಹೋಗಿ ನೋಡಿದೆ. ಸಾರಿಸಿದ್ದರು, ಸೊಗಸಾಗಿ ಸಾರಿಸಿದ್ದರು. ಪ್ರತಿ ಒಲೆಯ ಬುಡದಲ್ಲೂ ಮೂರು ಹಿತ್ತಾಳೆಯ ಕಣ್ಣು ತೆರೆದಿದ್ದವು.

ಗಣಪತಿ ಕಳಿಸಿದ ಮೇಲೆ ಎರಡೂ ಓಣಿಗಳಲ್ಲಿ ಮೊದಲಿನಿಂದ ತೂಕ. ಕಂಪನಿಯ ಆಫೀಸಿನವರೊಬ್ಬರು ಮೊದಲ ಸುತ್ತನ್ನು ಬಿಟ್ಟೇಬಿಡಿ ಎಂದು ಫೋನಿನಲ್ಲಿ ಹೇಳಿದರಂತೆ. ಮೇಡಂ ಬಿಡಲಿಲ್ಲ; ಮೊದಲ ಸುತ್ತನ್ನೂ ಅದು ಕೆಟ್ಟ ಕಾರಣವನ್ನೂ ವರದಿಗೆ ಸೇರಿಸಿದರು. ನಾನು ಆ ದಿನಗಳಲ್ಲಿ ನಡೆಯಲಿಲ್ಲ, ಹಾರಿದೆ ಅನ್ನಬೇಕು. ಬೆಳಿಗ್ಗೆ ಗೆರೆಯೊಳಗೆ ಉಳಿದ ಕಟ್ಟಿಗೆಯನ್ನು ಕೊಕ್ಕೆಗೆ ಹಾಕಿದರೆ ತಕ್ಕಡಿ ಜಗ್ಗುತ್ತಿತ್ತು, ಅಷ್ಟು ಉಳಿದಿರುತ್ತಿತ್ತು. ಊದುಗೊಳವೆಗಳು ಒಂದೊಂದಾಗಿ ಅಟ್ಟ ಸೇರಿದವು. ಒಬ್ಬಾಕೆ ಅದನ್ನು ಬಳ್ಳಿ ಹಬ್ಬಿಸಲು ನೆಟ್ಟಿದ್ದಳು.

ಕಡೆಯ ಪರೀಕ್ಷೆ ಉಳಿದಿತ್ತು. ಕಂಪನಿಗೂ ಮೇಡಂಗೂ ಸೇರದ ಮೂರನೆಯವರೊಬ್ಬರು ಬಂದು ಎಲ್ಲ ಖರೆಯೋ ಸುಳ್ಳೋ ನೋಡಬೇಕು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಜೊತೆಯಲ್ಲಿ ಕಂಪನಿಯ ಆಫೀಸಿನವರೂ ಬಂದಿದ್ದರು. ನಮ್ಮ ಮನೆಯಿಂದ ಶುರು. ಒಲೆ ನೋಡಿದರು, ಬಳೆ ನೋಡಿ ಬಗ್ಗಿ ಫೋಟೊ ತೆಗೆದರು. ಆಫೀಸಿನವರು ಇನ್ನು ಮುಂದಿನ ಮನೆಗೆ ಹೋಗೋಣವೆಂದು ಬಾಗಿಲ ಕಡೆ ತಿರುಗಿದರು.

ಹಿತ್ತಲಿನಲ್ಲಿ ನಮ್ಮ ಹಳೆಯ ಒಲೆ ಇನ್ನೂ ಇತ್ತು. ರೊಟ್ಟಿಗೆ ಅದೇ ಬೇಕು. ಹಂಚಿನ ಮೇಲೆ ಅರ್ಧ ಬೆಂದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಎದುರು ನಿಲ್ಲಿಸಿದರೇ ಅದು ಉಬ್ಬುವುದು. ಹೊಸ ಒಲೆಯಲ್ಲಿ ಕೆಂಡ ಒಳಗೇ ಕೆಳಗೆ ಬಿದ್ದುಹೋಗುತ್ತದೆ. ಆ ಒಲೆಯ ಕಟ್ಟಿಗೆಯನ್ನೂ ನಾನು ಬಿಡದೆ ತೂಗಿದ್ದೆ, ಅದು ಲೆಕ್ಕದಲ್ಲಿತ್ತು. ಆದರೆ ಹಳೆಯ ಒಲೆ ಒಡೆದು ತೆಗೆದಿದ್ದಾರೆ ಎಂದೇ ಕಂಪನಿ ಯಾತ್ರಿಗಳಿಗೆ ಹೇಳಿಕೊಂಡಿತ್ತು ಎಂಬುದು ಆಗತಾನೇ ಅವರ ಮಾತಿನಿಂದ ನನಗೆ ತಿಳಿಯಿತು. ಬಂದವರು ಕೇಳಿರಲಿಲ್ಲ. ನಾನು ಹೇಳದಿದ್ದರೆ ಹೊರಟೇಹೋಗುತ್ತಿದ್ದರು. ಹೇಳಿದರೆ ಏನಾಗುವುದೋ. ಕೆಳಗಿನ ಓಣಿಯ ಕಡೆಯಿಂದ ಕೆಮ್ಮು ಕೇಳಿಸಿತು. ಆ ಕೆಮ್ಮು ಯಾರದೆಂದು ನನಗೆ ನೋಡದೆಯೂ ಗೊತ್ತು. ಆದರೂ ಬಾಯಿಗೆ ಬಂದದ್ದು ಒಂದೇ ಮಾತು.

"ಹಿತ್ತಲಕ್ಕ ಬರ್ರಿ, ಇನ್ನೊಂದು ಒಲಿ ಐತಿ."

ಆಫೀಸಿನವರ ಮುಖ ಬಿಳಿಚಿತು. ಹಿತ್ತಲಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಂದವರು ಈ ಒಲೆಯನ್ನು ಯಾಕೆ ಬಿಟ್ಟಿಲ್ಲ ಎಂದು ಅತ್ತೆಯನ್ನೇ ಕೇಳಿದರು.

"ಇದನ್ನ ಹೆಂಗ ಬಿಡಬೇಕ್ರಿ? ಆ ಒಲಿ ಮ್ಯಾಲ ರೊಟ್ಟಿ ಉಬ್ಬೂದಿಲ್ಲ. ಉಬ್ಬಲಾರದ ರೊಟ್ಟಿ ಉಂಡು ನಿಮ್ಮ ವಿಮಾನ ಹಾರಸೂದು ನಮ್ಮ ಕೈಲೆ ಆಗೂದಿಲ್ಲ."

ಅವರು ಅಲ್ಲೇ ಕಲ್ಲಿನ ಮೇಲೆ ಕೂತು ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡರು. ಉಬ್ಬಿದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಿತ್ತಲಿನ ಕಟ್ಟಿಗೆಯನ್ನು ಮತ್ತೊಮ್ಮೆ ತಾವೇ ತೂಗಿದರು. ಆ ತೂಕ ಬರೆದುಕೊಂಡು ಹೋದರು.

ದಸರೆ ಕಳೆಯಿತು. ನಾನು ದಿನಾ ಫೋನು ನೋಡುತ್ತಿದ್ದೆ, ದಿನಾ ದೇವರಿಗೆ ಇನ್ನೊಂದು ಪತ್ರಿ ಹೆಚ್ಚಿಗೆ ಏರಿಸುತ್ತಿದ್ದೆ. ಮೇಡಂ ಫೋನು ಬಂದದ್ದು ನಾನು ಕೆಳಗಿನ ಓಣಿಯಲ್ಲೇ ಇದ್ದಾಗ, ಆಪಾಳ ಅಂಗಳದಲ್ಲಿ. ನಮ್ಮ ತೂಕವನ್ನು ಒಪ್ಪಿಕೊಂಡಿದ್ದರು. ಕಂಪನಿ ಮೊದಲು ಹೇಳಿಕೊಂಡಷ್ಟು ಉಳಿತಾಯ ಇಲ್ಲ. ನಮ್ಮ ಒಲೆಗಳಿಂದ ಕಾಶಿಯಾತ್ರೆಯ ಒಂದು ದಿಕ್ಕಿನ ಹಾರಾಟ ಮಾತ್ರ ಸರಿದೂಗುತ್ತದೆ. ಯಾತ್ರಿಗಳಿಗೆ ಹಾಗೆಯೇ ತಿಳಿಸಬೇಕು ಎಂದು ತೀರ್ಮಾನವಾಗಿತ್ತು. ಕಂಪನಿಯವರು ಒಂದಿಷ್ಟು ಹೊತ್ತು ಸಿಟ್ಟಾಗಿ, ಕಡೆಗೆ ಹೋಗುವುದು ರೈಲಿನಲ್ಲಿ, ಬರುವುದು ಮಾತ್ರ ವಿಮಾನದಲ್ಲಿ ಎಂದು ಯಾತ್ರೆಯನ್ನೇ ಬದಲಾಯಿಸಿದರಂತೆ. ಅತ್ತೆ ಕೇಳಿದ್ದರಲ್ಲ, ಹೋಳಿಗೆ ಉಣ್ಣುವವರ ಮಾತು; ಹೋಳಿಗೆ ಒಂದು ಕಡಿಮೆಯಾಯಿತು ಅಂದುಕೊಂಡೆ. ನಾನು ಮತ್ತೊಂದು ಮಾತಿಗೆ ಕಾಯುತ್ತಿದ್ದೆ. "ಕೆಳಗಿನ ಓಣಿಗೆ ಗೌಂಡಿಯನ್ನ ಯಾವಾಗ ಕಳಿಸಲಿ, ಅಮ್ಮ?" ಎಂದು ಮೇಡಂ ಕೇಳಿದರು. ಆಪಾ ನನ್ನ ಮುಖ ನೋಡಿ, ಕೇಳದೆಯೇ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಒಲೆ ಕಟ್ಟಿದ ದಿನ ಮಣ್ಣು ಹಸಿಯಿರುವಾಗಲೇ ಆಪಾ ತಾನು ತೆಗೆದಿಟ್ಟಿದ್ದ ಮೂರು ಬಳೆ ಒತ್ತಿದಳು. ಒಲೆ ಒಣಗಿದ ಮೇಲೆ ಮೊದಲ ಸಾರಣೆ ಮಾಡುವುದು ಹೇಗೆಂದು ತೋರಿಸಲು ಅತ್ತೆ ಕರೆಯದೆಯೇ ಬಂದರು. ಮಾತಾಡುತ್ತಾ ಬಳಿದರು, ಅವರ ಹೆಬ್ಬೆರಳು ಮೂರೂ ಬಳೆಯ ಹತ್ತಿರ ನಿಂತು ಸುತ್ತಿಕೊಂಡು ಹೋಯಿತು. ಆಪಾ ಬಿಸ್ಮಿಲ್ಲಾ ಅಂದು ಕಡ್ಡಿ ಗೀರಿದಳು. ನಾನು ಮನಸ್ಸಿನಲ್ಲಿ ಓಂ ನಮಃ ಶಿವಾಯ ಅಂದೆ. ಬೆಂಕಿ ನೆಟ್ಟಗೆ ಎದ್ದಿತು.

ಮೂವರೂ ಒಲೆಯ ಮುಂದೆ ಕೂತೆವು. ಕೆಮ್ಮು ಬರುವುದನ್ನು ಕಾಯುತ್ತಿದ್ದೆವು ಅನ್ನಬೇಕು. ಅನ್ನ ಕುದಿಯಿತು. ಕೆಮ್ಮು ಬರಲಿಲ್ಲ. ಆಪಾ ತಲೆಯೆತ್ತಿ ಡಾಂಬರಿನಂಥ ಮಾಡನ್ನು ಮೂಲೆಯಿಂದ ಮೂಲೆಗೆ ನೋಡಿದಳು.

"ಹೊಗಿ ಎಲ್ಲಿ ಹೋತ್ರಿ ಅಕ್ಕಾರ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಣ್ಣಿನ ಕೈ ತೊಳೆಯುತ್ತಾ ಹೇಳಿದರು: "ಎಲ್ಲೂ ಹೋಗಿಲ್ಲ ಬೇ. ಅಡವ್ಯಾಗ ಗಿಡ ಆಗಿ ನಿಂತೈತಿ."